ಸಸ್ಯಜನ್ಯ ಸರ್ಫ್ಯಾಕ್ಟಂಟ್‌ಗಳು ಮತ್ತು ಎಣ್ಣೆ–ನೀರಿನ ಎಮಲ್ಷನ್‌ಗಳು

ಗಿಡಮರಗಳ ಕಾಯಿ, ತೊಗಟೆ, ಬೇರು, ಬೀಜ, ಅಂಟುಗಳಲ್ಲಿ ಸಹಜವಾಗಿಯೇ ಇರುವ, ಇಲ್ಲವೇ ಸಸ್ಯಗಳಿಂದ ತೆಗೆದ ಎಣ್ಣೆ ಮತ್ತು ಸಕ್ಕರೆಗಳನ್ನು ಜೋಡಿಸಿ ತಯಾರಿಸಿದ ಮೇಲ್ಮೈಕಾರಕ ವಸ್ತುಗಳಿಗೆ ಸಸ್ಯಜನ್ಯ ಸರ್ಫ್ಯಾಕ್ಟಂಟ್‌ಗಳೆಂದು ಹೆಸರು. ಇವುಗಳ ಅಣುವಿನಲ್ಲಿ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ಭಾಗ ಎಣ್ಣೆಯನ್ನು ಬಯಸುತ್ತದೆ. ಎರಡನ್ನೂ ತೃಪ್ತಿಪಡಿಸುವ ಜಾಗ ಒಂದೇ: ಎಣ್ಣೆ ಮತ್ತು ನೀರು ಸೇರುವ ಗಡಿ. ಅಣುಗಳು ಅಲ್ಲಿಗೆ ಹೋಗಿ ಕೂರುತ್ತವೆ. ಆಗ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲೋ, ನೀರು ಹನಿಗಳಾಗಿ ಎಣ್ಣೆಯಲ್ಲೋ ಚದುರಿ ನಿಲ್ಲುವುದು ಸಾಧ್ಯವಾಗುತ್ತದೆ. ಹೀಗೆ ಚದುರಿ ನಿಂತ ಮಿಶ್ರಣವೇ ಎಮಲ್ಷನ್. ಹಾಲು, ಕಾಯಿಹಾಲು, ಮೆಯೊನೇಸ್, ಮುಖಕ್ಕೆ ಹಚ್ಚುವ ಕ್ರೀಮು, ಕಿತ್ತಳೆ ರುಚಿಯ ತಂಪು ಪಾನೀಯ, ಬೆಳೆಗೆ ಸಿಂಪಡಿಸುವ ಬೇವಿನೆಣ್ಣೆಯ ದ್ರಾವಣ, ಇವೆಲ್ಲ ಎಮಲ್ಷನ್‌ಗಳೇ.

ಅಂಟುವಾಳ ಮತ್ತು ಸೀಗೆಯ ಸ್ಯಾಪೊನಿನ್, ಸೋಯಾ ಲೆಸಿತಿನ್, ಅರೇಬಿಕ್ ಗೋಂದು, ತೆಂಗಿನೆಣ್ಣೆ ಮತ್ತು ಗ್ಲುಕೋಸ್ ಸೇರಿಸಿ ಮಾಡಿದ ಗ್ಲುಕೋಸೈಡ್, ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಮೂಲ ಸಸ್ಯವೆಂಬುದನ್ನು ಬಿಟ್ಟರೆ ಇವುಗಳ ನಡುವೆ ಹೋಲಿಕೆ ಕಡಿಮೆ. ಅಷ್ಟೇ ಅಲ್ಲ, ಮಾರುಕಟ್ಟೆಯಲ್ಲಿ ‘ರಾಸಾಯನಿಕ’ ಎಂದು ದೂರಲಾಗುವ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನ ಅಥವಾ ತಾಳೆಬೀಜದ ಎಣ್ಣೆಯಿಂದ ತೆಗೆದ ಲಾರಿಲ್ ಆಲ್ಕೊಹಾಲಿನಿಂದಲೇ ತಯಾರಿಸಬಹುದು. ಆದ್ದರಿಂದ ‘ಸಸ್ಯಜನ್ಯ’ ಎಂಬ ವಿಶೇಷಣ ಒಂದು ವಸ್ತು ಎಲ್ಲಿಂದ ಬಂತೆಂದು ಹೇಳುತ್ತದೆಯೇ ಹೊರತು ಹನಿಯ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆಂದು ಹೇಳುವುದಿಲ್ಲ. ನಡವಳಿಕೆಯನ್ನು ನಿರ್ಧರಿಸುವುದು ಅಣುವಿನ ಗಾತ್ರ, ಆಕಾರ, ವಿದ್ಯುದಂಶ ಮತ್ತು ಗಡಿಯನ್ನು ಮುಟ್ಟಲು ಅದು ತೆಗೆದುಕೊಳ್ಳುವ ಸಮಯ.

ಗಡಿಯಲ್ಲಿ ನಡೆಯುವುದೇನು

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಚೆನ್ನಾಗಿ ಶುದ್ಧಿ ಮಾಡಿದ ಅಡುಗೆ ಎಣ್ಣೆ ಮತ್ತು ನೀರಿನ ನಡುವಿನ ಗಡಿಯಲ್ಲಿ ಇದು 25ರಿಂದ 30ರಷ್ಟಿರುತ್ತದೆ. ಒಂದು ಮಿಲಿಲೀಟರ್ ಎಣ್ಣೆಯನ್ನು ಒಂದು ಮೈಕ್ರಾನ್ ವ್ಯಾಸದ ಹನಿಗಳಾಗಿ ಒಡೆದರೆ ಹೊಸದಾಗಿ ಹುಟ್ಟುವ ಗಡಿಯ ವಿಸ್ತೀರ್ಣ 6 ಚದರ ಮೀಟರ್, ಅಂದರೆ ಒಂದು ಚಿಕ್ಕ ಕೋಣೆಯ ನೆಲದಷ್ಟು. ಅಷ್ಟು ವಿಸ್ತೀರ್ಣವನ್ನು ಸೃಷ್ಟಿಸಲು ಲೆಕ್ಕದ ಪ್ರಕಾರ ಬೇಕಾಗುವ ಶಕ್ತಿ ಒಂದು ಜೂಲಿಗಿಂತ ಕಡಿಮೆ. ಆದರೆ ಯಂತ್ರಗಳು ಅದರ ನೂರಾರು ಪಟ್ಟು ಶಕ್ತಿ ನುಂಗುತ್ತವೆ, ಮತ್ತು ಬಹುಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ಹನಿ ಚಿಕ್ಕದಾದಷ್ಟೂ ಅದರ ಒಳಗಿನ ಒತ್ತಡ ಹೆಚ್ಚುವುದು ಇದಕ್ಕೆ ಕಾರಣ. ಒಂದು ಮೈಕ್ರಾನ್ ತ್ರಿಜ್ಯದ ಹನಿಯೊಳಗೆ, ಗಡಿಯ ಎಳೆತ 25 ಇದ್ದಾಗ, ಹೊರಗಿಗಿಂತ ಸುಮಾರು ಅರ್ಧ ವಾತಾವರಣದಷ್ಟು ಹೆಚ್ಚಿನ ಒತ್ತಡವಿರುತ್ತದೆ. ಅದನ್ನು ಮೀರಿ ಹನಿಯನ್ನು ಹಿಗ್ಗಿಸಿ ತುಂಡರಿಸಬೇಕು. ಸರ್ಫ್ಯಾಕ್ಟಂಟ್ ಗಡಿಯ ಎಳೆತವನ್ನು 5ಕ್ಕೆ ಇಳಿಸಿದರೆ ಈ ತಡೆ ಐದನೆಯ ಒಂದು ಪಾಲಾಗುತ್ತದೆ.

ಇದು ಸರ್ಫ್ಯಾಕ್ಟಂಟಿನ ಮೊದಲ ಕೆಲಸ. ಎರಡನೆಯ ಕೆಲಸ ಹನಿ ಹುಟ್ಟಿದ ಮೇಲೆ ಅದನ್ನು ಕಾಯುವುದು, ಮತ್ತು ಇದೇ ಹೆಚ್ಚು ಕಷ್ಟದ್ದು. ಫ್ರಾನ್ಸಿನ ಆಗಸ್ಟ್ ಗೋಲಾಂ 1899ರಲ್ಲಿ ಪೇಟೆಂಟ್ ಪಡೆದ ಹೋಮೊಜಿನೈಸರ್ ಯಂತ್ರದಲ್ಲಿ ದ್ರವವನ್ನು ಇಕ್ಕಟ್ಟಾದ ಸೀಳಿನ ಮೂಲಕ ಭಾರಿ ಒತ್ತಡದಲ್ಲಿ ನೂಕಲಾಗುತ್ತದೆ. ಇಂದಿನ ಡೈರಿಗಳಲ್ಲೂ ಇದರ ಸಂತತಿಯೇ ಕೆಲಸ ಮಾಡುತ್ತಿದೆ. ಇದರೊಳಗೆ ಹೊಸ ಹನಿ ಹುಟ್ಟುವುದೂ ಪಕ್ಕದ ಹನಿಗೆ ಡಿಕ್ಕಿ ಹೊಡೆಯುವುದೂ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅವಧಿಯಲ್ಲಿ ಮುಗಿದುಹೋಗುತ್ತವೆ. ಅಷ್ಟರೊಳಗೆ ಗಡಿಗೆ ಬಂದು ಕೂರಲಾರದ ಅಣು ಎಷ್ಟು ಒಳ್ಳೆಯ ಪದರ ಕಟ್ಟಬಲ್ಲದ್ದಾದರೂ ಪ್ರಯೋಜನವಿಲ್ಲ. ಬರಿಮೈಯ ಹನಿಗಳು ಮತ್ತೆ ಕೂಡಿಕೊಳ್ಳುತ್ತವೆ. ಸಸ್ಯಮೂಲದ ದೊಡ್ಡ ಅಣುಗಳಾದ ಗೋಂದು ಮತ್ತು ಪ್ರೋಟೀನುಗಳ ಮುಖ್ಯ ದೌರ್ಬಲ್ಯ ಈ ನಿಧಾನ.

ತಯಾರಾದ ಎಮಲ್ಷನ್ ನಾಲ್ಕು ದಾರಿಗಳಲ್ಲಿ ಕೆಡುತ್ತದೆ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಹನಿಗಳು ಮೇಲೇರಿ ಕೆನೆಗಟ್ಟುತ್ತವೆ. ಹನಿಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ನಡುವಿನ ಪದರ ಹರಿದು ಎರಡು ಹನಿ ಒಂದಾಗುತ್ತವೆ. ಕೊನೆಯದಾಗಿ, ಎಣ್ಣೆ ನೀರಿನಲ್ಲಿ ತುಸುವಾದರೂ ಕರಗುವಂತಿದ್ದರೆ, ಚಿಕ್ಕ ಹನಿಗಳು ಕರಗಿ ಸವೆದು ದೊಡ್ಡ ಹನಿಗಳು ಮತ್ತಷ್ಟು ದಪ್ಪವಾಗುತ್ತವೆ. ಇದಕ್ಕೆ ಆಸ್ಟ್‌ವಾಲ್ಡ್ ಪಕ್ವನವೆಂದು ಹೆಸರು.

ಕೆನೆಗಟ್ಟುವ ವೇಗವನ್ನು ಸ್ಟೋಕ್ಸ್ ಸೂತ್ರದಿಂದ ಲೆಕ್ಕ ಹಾಕಬಹುದು. ನೀರಿನಲ್ಲಿರುವ 10 ಮೈಕ್ರಾನ್ ತ್ರಿಜ್ಯದ ಅಡುಗೆ ಎಣ್ಣೆಯ ಹನಿ ಗಂಟೆಗೆ ಸುಮಾರು 6 ಸೆಂಟಿಮೀಟರ್ ಏರುತ್ತದೆ. ಒಂದು ಮೈಕ್ರಾನಿನದು ದಿನಕ್ಕೆ ಒಂದೂವರೆ ಸೆಂಟಿಮೀಟರ್, ಅದರ ಹತ್ತನೆಯ ಒಂದು ಪಾಲಿನ ಹನಿಯಾದರೆ ದಿನಕ್ಕೆ 0.15 ಮಿಲಿಮೀಟರ್. ತ್ರಿಜ್ಯ ಹತ್ತು ಪಟ್ಟು ಕುಗ್ಗಿದರೆ ವೇಗ ನೂರು ಪಟ್ಟು ಕುಗ್ಗುತ್ತದೆಂಬುದೇ ಸಣ್ಣ ಹನಿಗಾಗಿ ಉದ್ಯಮ ಹಣ ಸುರಿಯಲು ಕಾರಣ. ಪಕ್ವನದ ತೊಂದರೆ ಶೇಂಗಾ, ಸೂರ್ಯಕಾಂತಿ ಎಣ್ಣೆಗಳಿಗೆ ಇಲ್ಲವೆನ್ನಬಹುದು, ಏಕೆಂದರೆ ಅವು ನೀರಿನಲ್ಲಿ ಕರಗುವುದೇ ಇಲ್ಲ. ಕಿತ್ತಳೆ, ನೀಲಗಿರಿಯಂಥ ಸುಗಂಧ ತೈಲಗಳಿಗೆ ಮಾತ್ರ ಇದು ದೊಡ್ಡ ಪೀಡೆ. ಅವುಗಳಿಗೆ ಸ್ವಲ್ಪ ಅಡುಗೆ ಎಣ್ಣೆ ಬೆರೆಸಿಯೇ ಎಮಲ್ಷನ್ ಮಾಡುವುದು ರೂಢಿ.

ಯಾವುದು ಹನಿಯಾಗುತ್ತದೆ, ಯಾವುದು ಸುತ್ತಲಿನ ಮಾಧ್ಯಮವಾಗುತ್ತದೆ ಎಂಬುದಕ್ಕೆ ಅಮೆರಿಕದ ವೈಲ್ಡರ್ ಬ್ಯಾಂಕ್ರಾಫ್ಟ್ 1913ರಲ್ಲಿ ಕೊಟ್ಟ ನಿಯಮ ಇಂದಿಗೂ ಚಲಾವಣೆಯಲ್ಲಿದೆ. ಸರ್ಫ್ಯಾಕ್ಟಂಟ್ ಯಾವುದರಲ್ಲಿ ಹೆಚ್ಚು ಕರಗುತ್ತದೋ ಅದೇ ಹೊರಗಿನ ಮಾಧ್ಯಮ. ಸ್ಯಾಪೊನಿನ್ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಅದು ನೀರಿನಲ್ಲಿ ಎಣ್ಣೆಯ ಎಮಲ್ಷನ್ ಕೊಡುತ್ತದೆ. ಮಾಮೂಲಿ ಲೆಸಿತಿನ್ ಎಣ್ಣೆಯ ಕಡೆ ವಾಲುತ್ತದೆ.

ಸ್ಯಾಪೊನಿನ್‌ಗಳು

ಸಸ್ಯ ತಾನೇ ತಯಾರಿಸಿಕೊಳ್ಳುವ ಸರ್ಫ್ಯಾಕ್ಟಂಟ್‌ಗಳಲ್ಲಿ ಬಹಳ ಕುತೂಹಲದ ಗುಂಪು ಇದು. ದಕ್ಷಿಣ ಭಾರತದ ಅಂಟುವಾಳ (ಸಾಪಿಂಡಸ್ ಟ್ರೈಫೋಲಿಯೇಟಸ್), ಹಿಮಾಲಯದ ತಪ್ಪಲಿನ ರೀಠಾ (ಸಾಪಿಂಡಸ್ ಮುಕೊರೊಸ್ಸಿ), ಸೀಗೆ (ಹಿಂದೆ ಅಕೇಶಿಯ ಕಾನ್ಸಿನ್ನ, ಈಗಿನ ವರ್ಗೀಕರಣದಲ್ಲಿ ಸೆನೆಗಾಲಿಯ ರುಗಾಟ), ಚಿಲಿ ದೇಶದ ಕ್ವಿಲಾಯಾ ಮರ, ಮೆಕ್ಸಿಕೊದ ಯಕ್ಕಾ, ಯೂರೋಪಿನ ಸೋಪ್‌ವರ್ಟ್ ಗಿಡ, ಚಹಾ ಬೀಜ, ಜ್ಯೇಷ್ಠಮಧುವಿನ ಬೇರು ಇದರ ಹೆಸರಾಂತ ಮೂಲಗಳು. ಗಿಡಕ್ಕೆ ಇದು ಶಿಲೀಂಧ್ರ ಮತ್ತು ಕೀಟಗಳ ವಿರುದ್ಧದ ರಕ್ಷಣೆ.

ಸೋಪಿನ ಅಣುವಿಗೆ ಉದ್ದನೆಯ, ಬಾಗಬಲ್ಲ ಕೊಬ್ಬಿನ ಬಾಲವಿರುತ್ತದೆ. ಸ್ಯಾಪೊನಿನ್‌ಗೆ ಅಂಥ ಬಾಲವಿಲ್ಲ. ಅದರ ಎಣ್ಣೆಯೊಲವಿನ ಭಾಗ ಉಂಗುರಗಳು ಒಂದಕ್ಕೊಂದು ಬೆಸೆದ ಗಟ್ಟಿ ಫಲಕ. ಅಂಟುವಾಳ, ಸೀಗೆ, ಕ್ವಿಲಾಯಾಗಳಲ್ಲಿ ಇದು 30 ಇಂಗಾಲದ ಟ್ರೈಟರ್ಪೀನ್, ಯಕ್ಕಾದಲ್ಲಿ ಸ್ಟೀರಾಯ್ಡ್. ಈ ಫಲಕಕ್ಕೆ ಸಕ್ಕರೆಯ ಸರಪಣಿಗಳು ಅಂಟಿಕೊಂಡಿರುತ್ತವೆ. ಅಂಟುವಾಳದ ಸ್ಯಾಪೊನಿನ್‌ಗಳ ಒಡಲು ಹೆಡರಾಜೆನಿನ್, ಸೀಗೆಯದು ಅಕೇಸಿಕ್ ಆಮ್ಲ, ಕ್ವಿಲಾಯಾದ್ದು ಕ್ವಿಲಾಯಿಕ್ ಆಮ್ಲ.

ಅಣುವಿನ ಈ ಕಟ್ಟಡದಿಂದಲೇ ಅದರ ಸ್ವಭಾವ ಬಂದಿದೆ. ಗಡಿಯಲ್ಲಿ ಫಲಕಗಳು ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಪಕ್ಕಪಕ್ಕದ ಸಕ್ಕರೆಗಳು ಹೈಡ್ರೊಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕಾದಾರಿದ ಹಾಲಿನ ಮೇಲಿನ ಕೆನೆಯಂತೆ ಹನಿಯ ಸುತ್ತ ಒಂದು ಬಿಗಿಯಾದ ಚರ್ಮ ಮೂಡುತ್ತದೆ. ಬಲ್ಗೇರಿಯದ ಸೋಫಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಸ್ಯಾಪೊನಿನ್‌ಗಳ ಪದರವನ್ನು ಹಿಗ್ಗಿಸಿ ಕುಗ್ಗಿಸಿ ಅಳೆದು, ಚಹಾ ಬೀಜದ ಸ್ಯಾಪೊನಿನ್ ಹಾಗೂ ಹಾರ್ಸ್ ಚೆಸ್ಟ್‌ನಟ್ ಬೀಜದ ಎಸ್ಸಿನ್‌ಗಳ ಪದರ ಸಾಮಾನ್ಯ ಪ್ರೋಟೀನು ಪದರಕ್ಕಿಂತ ಹಲವು ಪಟ್ಟು ಬಿಗಿಯೆಂದು ತೋರಿಸಿದ್ದಾರೆ. ಗಡಿಯ ಎಳೆತವನ್ನು ಇಳಿಸುವುದರಲ್ಲಿ ಸ್ಯಾಪೊನಿನ್ ಅಂಥ ಶೂರನೇನಲ್ಲ. ಅಂಟುವಾಳದ ನೀರಿನ ಮೇಲ್ಮೈ ಎಳೆತ 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಅದಕ್ಕೂ ಸಾವಿರಕ್ಕೆ ಒಂದು ಪಾಲಿನ ಆಸುಪಾಸು ಸ್ಯಾಪೊನಿನ್ ಬೇಕು. ಆದರೆ ಹನಿಗಳು ಮತ್ತೆ ಕೂಡದಂತೆ ತಡೆಯುವಲ್ಲಿ ಅದು ಗಟ್ಟಿಗ. ಪ್ರಯೋಗಾಲಯದಲ್ಲಿ ಎಳೆತವೊಂದನ್ನೇ ಅಳೆದು ಸಸ್ಯಮೂಲದ ವಸ್ತುಗಳನ್ನು ದುರ್ಬಲವೆಂದು ತಳ್ಳಿಹಾಕುವವರು ಮರೆಯುವುದು ಇದನ್ನೇ.

ಎಣ್ಣೆಸ್ನಾನದಲ್ಲಿ ಸೀಗೆಪುಡಿ ಮಾಡುವ ಕೆಲಸವೂ ಎಮಲ್ಷನ್ನಿನದೇ. ಕೂದಲಿಗೆ ಅಂಟಿದ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯ ಪದರದ ಅಂಚಿನಲ್ಲಿ ಸ್ಯಾಪೊನಿನ್ ಸೇರಿಕೊಂಡಾಗ ಎಣ್ಣೆ ಸುರುಟಿ ಹನಿಯಾಗುತ್ತದೆ, ಉಜ್ಜಿದಾಗ ಕಿತ್ತು ಬರುತ್ತದೆ, ನೀರಿನೊಡನೆ ತೇಲಿ ಹೋಗುತ್ತದೆ. ಪುಡಿಯ ಕರಗದ ಕಣಗಳು ಒಂದಷ್ಟು ಎಣ್ಣೆಯನ್ನು ಹೀರಿಕೊಳ್ಳುವುದೂ ಉಂಟು. ಶಾಂಪೂವಿನಷ್ಟು ಪೂರ್ತಿಯಾಗಿ ಎಣ್ಣೆ ಹೋಗುವುದಿಲ್ಲ, ಮತ್ತು ಸೀಗೆಯನ್ನು ಮೆಚ್ಚುವವರು ಮೆಚ್ಚುವುದು ಇದೇ ಕಾರಣಕ್ಕೆ. ರೇಷ್ಮೆ ಸೀರೆ, ಚಿನ್ನ–ಬೆಳ್ಳಿ ಒಡವೆಗಳಿಗೆ ಅಂಟುವಾಳದ ನೀರನ್ನು ಬಳಸುವ ರೂಢಿಗೂ ಆಧಾರವಿದೆ. ಸೋಪಿನ ನೀರು ಕ್ಷಾರೀಯ, ಅದು ರೇಷ್ಮೆಯ ಪ್ರೋಟೀನಿಗೆ ಒಗ್ಗದು. ಅಂಟುವಾಳದ ನೀರು ತುಸು ಆಮ್ಲೀಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕಸವಾಗುವಂತೆ ಅಂಟುವಾಳ ಆಗುವುದಿಲ್ಲ.

ಉದ್ಯಮದಲ್ಲಿ ಹೆಚ್ಚು ಹೆಸರು ಮಾಡಿರುವುದು ಕ್ವಿಲಾಯಾ. ಚಿಲಿಯ ಮೂಲನಿವಾಸಿಗಳು ಬಟ್ಟೆ ತೊಳೆಯಲು ಬಳಸುತ್ತಿದ್ದ ಈ ಮರದ ಸಾರ ಇಂದು ಯೂರೋಪಿನ ಪಟ್ಟಿಯಲ್ಲಿ ಇ 999 ಸಂಖ್ಯೆಯ ಆಹಾರ ಸಂಯೋಜಕ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯನ್ ಮೆಕ್‌ಕ್ಲೆಮೆಂಟ್ಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ವಿಲಾಯಾದ ಎಮಲ್ಷನ್ ಪಿಎಚ್ 3ರಿಂದ 8ರವರೆಗೆ, 90 ಡಿಗ್ರಿಯ ಬಿಸಿಯಲ್ಲೂ ಕೆಡದೆ ನಿಂತಿತು. ಪಿಎಚ್ 2ಕ್ಕೆ ಇಳಿದಾಗ ಕೈಕೊಟ್ಟಿತು. ಕಾರಣ ಸರಳ. ಅಣುವಿನಲ್ಲಿರುವ ಆಮ್ಲದ ಗುಂಪುಗಳು ಋಣ ವಿದ್ಯುದಂಶ ಹೊತ್ತಿರುವವರೆಗೆ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ. ತೀರ ಹುಳಿಯಾದ ದ್ರಾವಣದಲ್ಲಿ ಆ ಅಂಶ ಕಳೆದುಹೋಗಿ ಹನಿಗಳು ಗೊಂಚಲುಗಟ್ಟುತ್ತವೆ. ಉಪ್ಪು ಅತಿಯಾದರೂ ಇದೇ ಗತಿ.

ಇದೇ ಮರ ಲಸಿಕೆಗಳಿಗೂ ಒದಗಿದೆ. ಕ್ವಿಲಾಯಾದಿಂದ ಶುದ್ಧೀಕರಿಸಿದ ಕ್ಯುಎಸ್–21 ಎಂಬ ಸ್ಯಾಪೊನಿನ್, ಸರ್ಪಸುತ್ತಿನ ಲಸಿಕೆಯಾದ ಶಿಂಗ್ರಿಕ್ಸ್‌ನಲ್ಲಿದೆ. ಪುಣೆಯ ಸೀರಂ ಸಂಸ್ಥೆ ತಯಾರಿಸುವ, 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್21 ಮಲೇರಿಯಾ ಲಸಿಕೆಯ ಮ್ಯಾಟ್ರಿಕ್ಸ್–ಎಂ ಅಂಶವೂ ಕ್ವಿಲಾಯಾದ್ದೇ. ಇಲ್ಲಿ ಸ್ಯಾಪೊನಿನ್ ಕೊಲೆಸ್ಟೆರಾಲ್ ಮತ್ತು ಕೊಬ್ಬಿನ ಜೊತೆ ಸೂಕ್ಷ್ಮ ಕಣಗಳಾಗಿ ಕೂತಿರುತ್ತದೆ. ಕೊಲೆಸ್ಟೆರಾಲಿಗೆ ಅಂಟಿಕೊಳ್ಳುವ ಈ ಗುಣಕ್ಕೆ ಇನ್ನೊಂದು ಮುಖವಿದೆ. ಬಿಡಿ ಸ್ಯಾಪೊನಿನ್ ರಕ್ತಕ್ಕೆ ನೇರವಾಗಿ ಸೇರಿದರೆ ಕೆಂಪು ಕಣಗಳ ಪೊರೆಯನ್ನು ತೂತು ಮಾಡಿ ಒಡೆಯುತ್ತದೆ. ಮೀನುಗಳಿಗೆ ಇದು ವಿಷ. ಮಲೆನಾಡಿನಲ್ಲಿ ಕಾರೆಕಾಯಿಯನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದುದು ಅದರಲ್ಲಿನ ಸ್ಯಾಪೊನಿನ್ ಬಲದಿಂದಲೇ. ಬಾಯಿಯ ಮೂಲಕ ಹೋದ ಸ್ಯಾಪೊನಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದ್ದರಿಂದ ಆಹಾರದಲ್ಲಿ ಮಿತವಾಗಿ ಬಳಸಲು ಅಡ್ಡಿಯಿಲ್ಲ.

ಲೆಸಿತಿನ್

ಪ್ಯಾರಿಸ್ಸಿನ ಔಷಧ ತಜ್ಞ ತಿಯೋಡೋರ್ ಗೊಬ್ಲಿ 1840ರ ದಶಕದಲ್ಲಿ ಮೊಟ್ಟೆಯ ಹಳದಿಯಿಂದ ಇದನ್ನು ಬೇರ್ಪಡಿಸಿದ. ಮೊಟ್ಟೆಯಿಂದ ಸೋಯಾಕ್ಕೆ ಲೆಸಿತಿನ್ ಬಂದದ್ದು 20ನೆಯ ಶತಮಾನದ ಆರಂಭದ ಜರ್ಮನಿಯಲ್ಲಿ, ಸೋಯಾ ಎಣ್ಣೆಯ ಗಿರಣಿಗಳ ಗಸಿಯನ್ನು ಏನು ಮಾಡುವುದೆಂಬ ಚಿಂತೆಯಿಂದ. ಕಚ್ಚಾ ಸೋಯಾ ಎಣ್ಣೆಯಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಫಾಸ್ಫೊಲಿಪಿಡ್ ಇರುತ್ತದೆ. ಎಣ್ಣೆಗೆ ಸ್ವಲ್ಪ ಬಿಸಿನೀರು ಬೆರೆಸಿದಾಗ ಇದು ಊದಿ ಅಂಟಾಗಿ ಬೇರೆಯಾಗುತ್ತದೆ. ಅದನ್ನು ಒಣಗಿಸಿದರೆ ಸಿಗುವ ಕಂದು ಪಾಕವೇ ವ್ಯಾಪಾರದ ಲೆಸಿತಿನ್. ಸೂರ್ಯಕಾಂತಿಯಿಂದಲೂ ಹೀಗೆಯೇ ತೆಗೆಯುತ್ತಾರೆ. ಕುಲಾಂತರಿ ಸೋಯಾ ಬೇಡವೆನ್ನುವ ಗಿರಾಕಿಗಳಿಂದಾಗಿ ಈಗ ಅದಕ್ಕೆ ಬೇಡಿಕೆ ಹೆಚ್ಚು.

ಇದು ಒಂದೇ ವಸ್ತುವಲ್ಲ, ಹಲವು ಫಾಸ್ಫೊಲಿಪಿಡ್‌ಗಳ ಮಿಶ್ರಣ. ಫಾಸ್ಫಾಟಿಡಿಲ್‌ಕೋಲೀನ್ ಹೆಚ್ಚಿದ್ದರೆ ನೀರಿನಲ್ಲಿ ಎಣ್ಣೆಯ ಎಮಲ್ಷನ್ ಕಡೆಗೂ ಫಾಸ್ಫಾಟಿಡಿಲ್‌ಎಥನೊಲಮೀನ್ ಹೆಚ್ಚಿದ್ದರೆ ಎಣ್ಣೆಯಲ್ಲಿ ನೀರಿನ ಕಡೆಗೂ ತೂಕ ಸರಿಯುತ್ತದೆ. ಎರಡೂ ಬೆರೆತಿರುವ ಸಾಮಾನ್ಯ ಲೆಸಿತಿನ್ ಯಾವ ಕಡೆಗೂ ಪಕ್ಕಾ ಅಲ್ಲದ ಎಮಲ್ಸಿಕಾರಕ. ಅದರ ನಿಜವಾದ ಸಾಮ್ರಾಜ್ಯ ಎಮಲ್ಷನ್ ಕೂಡ ಅಲ್ಲ, ಚಾಕೊಲೇಟು. ಸಕ್ಕರೆಯ ಕಣಗಳಿಗೆ ಲೆಸಿತಿನ್ ಹೊದಿಕೆಯಾದಾಗ ಅವು ಕೋಕೊ ಬೆಣ್ಣೆಯಲ್ಲಿ ಜಾರುತ್ತವೆ. ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ ಲೆಸಿತಿನ್ ಹಾಕಿ ದುಬಾರಿ ಕೋಕೊ ಬೆಣ್ಣೆಯನ್ನು ಅದರ ಹತ್ತು ಪಟ್ಟಿನಷ್ಟು ಉಳಿಸಬಹುದಾದ್ದರಿಂದ ತಯಾರಕರಿಗೆ ಇದು ಬಲು ಪ್ರಿಯ.

ಗೋಂದು, ಪ್ರೋಟೀನು ಮತ್ತು ಕಾಯಿಹಾಲು

ದಪ್ಪಗೊಳಿಸುವುದೂ ಎಮಲ್ಸಿಕರಿಸುವುದೂ ಬೇರೆ ಬೇರೆ. ಗೋರಿಕಾಯಿ ಬೀಜದ ಗೋಂದು, ದಾಸವಾಳದ ಎಲೆಯ ಲೋಳೆ ನೀರನ್ನು ಮಂದವಾಗಿಸಿ ಹನಿ ಮೇಲೇರುವುದನ್ನು ನಿಧಾನಿಸುತ್ತವೆ. ಗಡಿಗೆ ಹೋಗಿ ಕೂರುವ ಗುಣ ಅವಕ್ಕೆ ಹೆಚ್ಚಿಲ್ಲ. ಅರೇಬಿಕ್ ಗೋಂದಿನ ಕಥೆ ಬೇರೆ. ಸೂಡಾನಿನ ಒಣ ಸೀಮೆಯ ಸೆನೆಗಾಲಿಯ ಸೆನೆಗಲ್ ಮರದಿಂದ ಒಸರುವ ಇದು ಬಹುಪಾಲು ಸಕ್ಕರೆಯ ಸರಪಣಿಯೇ ಆದರೂ ನೂರಕ್ಕೆ ಎರಡು ಪಾಲಿನಷ್ಟು ಪ್ರೋಟೀನು ಅದರಲ್ಲಿ ಹೆಣೆದುಕೊಂಡಿದೆ. ಈ ಪ್ರೋಟೀನು ಎಣ್ಣೆಗೆ ಲಂಗರು ಹಾಕುತ್ತದೆ, ಸಕ್ಕರೆಯ ದಟ್ಟ ಕೊಂಬೆಗಳು ನೀರಿನೊಳಗೆ ಚಾಚಿ ಇನ್ನೊಂದು ಹನಿ ಹತ್ತಿರ ಬರದಂತೆ ತಡೆಯುತ್ತವೆ. ಈ ತಡೆ ವಿದ್ಯುದಂಶವನ್ನು ಅವಲಂಬಿಸಿಲ್ಲವಾದ್ದರಿಂದ ಹುಳಿಯಲ್ಲೂ ಉಪ್ಪಿನಲ್ಲೂ ಕೆಡುವುದಿಲ್ಲ. ಆಮ್ಲೀಯವಾದ ತಂಪು ಪಾನೀಯಗಳಿಗೆ ಇದೇ ಬೇಕು. ಆದರೆ ಗಡಿಗೆ ಅಂಟುವ ಪಾಲು ಗೋಂದಿನಲ್ಲಿ ಅಲ್ಪವಾದ್ದರಿಂದ ಎಣ್ಣೆಯ ತೂಕದಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚು ಗೋಂದು ಸುರಿಯಬೇಕಾಗುತ್ತದೆ. ಸ್ಯಾಪೊನಿನ್ ಆದರೆ ಅದರ ಒಂದು ಚಿಕ್ಕ ಪಾಲು ಸಾಕು. ಅಮೆರಿಕ ಸೂಡಾನಿನ ಮೇಲೆ ಆರ್ಥಿಕ ದಿಗ್ಬಂಧನ ಹೇರಿದಾಗಲೂ ಅರೇಬಿಕ್ ಗೋಂದಿಗೆ ವಿನಾಯಿತಿ ಕೊಟ್ಟಿತ್ತೆಂಬುದು ಪಾನೀಯ ಉದ್ಯಮಕ್ಕೆ ಅದು ಎಷ್ಟು ಅನಿವಾರ್ಯವೆಂಬುದನ್ನು ಹೇಳುತ್ತದೆ. ನಮ್ಮ ಕಾಡುಗಳ ದಿಂಡಿಗ ಮರದ ಅಂಟು, ವ್ಯಾಪಾರದ ಹೆಸರಲ್ಲಿ ಘಟ್ಟಿ ಗೋಂದು, ಅರೇಬಿಕ್‌ಗಿಂತ ಕಡಿಮೆ ಪ್ರಮಾಣದಲ್ಲೇ ಒಳ್ಳೆಯ ಎಮಲ್ಷನ್ ಕೊಡುತ್ತದೆ. ಬಣ್ಣ, ಮಂದತೆ ಮರದಿಂದ ಮರಕ್ಕೆ ಬೇರೆಯಾಗುವುದರಿಂದ ಅದಕ್ಕೆ ಸಿಗಬೇಕಾದಷ್ಟು ಮಾರುಕಟ್ಟೆ ಸಿಕ್ಕಿಲ್ಲ.

ಎಣ್ಣೆಬೀಜಗಳ ಒಳಗೆ ಎಣ್ಣೆ ಇರುವುದೇ ಎಮಲ್ಷನ್ ರೂಪದಲ್ಲಿ. ಶೇಂಗಾ, ಸೂರ್ಯಕಾಂತಿ, ಎಳ್ಳಿನ ಜೀವಕೋಶಗಳಲ್ಲಿ ಒಂದು ಮೈಕ್ರಾನಿನ ಆಸುಪಾಸಿನ ಹನಿಗಳು ಫಾಸ್ಫೊಲಿಪಿಡ್ ಪದರ ಮತ್ತು ಓಲಿಯೊಸಿನ್ ಎಂಬ ಪ್ರೋಟೀನಿನ ಹೊದಿಕೆಯಲ್ಲಿ ಕೂತಿರುತ್ತವೆ. ಬೀಜ ಒಣಗಿ ವರ್ಷಗಟ್ಟಲೆ ಬಿದ್ದಿದ್ದರೂ ಹನಿಗಳು ಕೂಡಿಕೊಳ್ಳುವುದಿಲ್ಲ. ಇವನ್ನು ಹಾಗೆಯೇ ಬಿಡಿಸಿ ತೆಗೆದು ಆಹಾರಕ್ಕೂ ಕ್ರೀಮಿಗೂ ಬಳಸುವ ಯತ್ನಗಳು ನಡೆದಿವೆ.

ಕಾಯಿಹಾಲು ಅಷ್ಟು ಗಟ್ಟಿಗನಲ್ಲ. ತೆಂಗಿನ ತುರಿ ಹಿಂಡಿದಾಗ ಬರುವ ಹನಿಗಳನ್ನು ಕಾಯುವುದು ಮುಖ್ಯವಾಗಿ ಕೊಬ್ಬರಿಯ ಗ್ಲಾಬ್ಯುಲಿನ್ ಪ್ರೋಟೀನುಗಳು. ಹನಿಗಳು ದಪ್ಪ, ಹತ್ತು ಮೈಕ್ರಾನಿನವರೆಗೂ ಇರುತ್ತವೆ. ಆದ್ದರಿಂದ ಕೆಲವೇ ಗಂಟೆಗಳಲ್ಲಿ ಕೆನೆ ಬೇರೆಯಾಗುತ್ತದೆ. ಸುಮಾರು 80 ಡಿಗ್ರಿ ಮುಟ್ಟಿದಾಗ ಪ್ರೋಟೀನು ಹೆಪ್ಪುಗಟ್ಟಿ ಹಾಲು ಒಡೆಯುತ್ತದೆ. ಹುಳಿ ಬಿದ್ದು ಪಿಎಚ್ 4ರ ಹತ್ತಿರ ಬಂದರೂ ಹಾಗೆಯೇ, ಏಕೆಂದರೆ ಅಲ್ಲಿ ಪ್ರೋಟೀನಿನ ವಿದ್ಯುದಂಶ ಶೂನ್ಯವಾಗುತ್ತದೆ. ಕರಾವಳಿಯ ಅಡುಗೆಮನೆಗಳಲ್ಲಿ ಎರಡನೆಯ, ಮೂರನೆಯ ತೆಳು ಹಾಲಿನಲ್ಲಿ ಬೇಯಿಸಿ, ಒಲೆಯಿಂದ ಇಳಿಸುವ ಹೊತ್ತಿಗೆ ಗಟ್ಟಿಯಾದ ಮೊದಲ ಹಾಲು ಹಾಕಿ, ಮತ್ತೆ ಕುದಿಸಬೇಡಿ ಎನ್ನುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಪಠ್ಯಪುಸ್ತಕದಲ್ಲೂ ಸಿಗದು. ಡಬ್ಬಿಯ ಕಾಯಿಹಾಲಿಗೆ ಹೊರಗಿನಿಂದ ಎಮಲ್ಸಿಕಾರಕ ಸೇರಿಸುವುದು ಕ್ರಿಮಿನಾಶಕ್ಕಾಗಿ ಕೊಡುವ ಬಿಸಿಯನ್ನು ಪ್ರೋಟೀನೊಂದೇ ತಡೆಯಲಾರದೆಂದು. ತಣ್ಣನೆಯ ವಿಧಾನದಲ್ಲಿ ಕೊಬ್ಬರಿ ಎಣ್ಣೆ ತೆಗೆಯುವವರ ಸಮಸ್ಯೆ ಇದರ ತಲೆಕೆಳಗು. ಅವರಿಗೆ ಎಮಲ್ಷನ್ ಒಡೆದರೆ ಸಾಕು, ಅದಕ್ಕಾಗಿ ಹುಳಿ ಬರಿಸುತ್ತಾರೆ, ತಣಿಸುತ್ತಾರೆ, ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ.

ಕಾರ್ಖಾನೆಯಲ್ಲಿ ಜೋಡಿಸಿದವು

ಸಕ್ಕರೆಗೆ ಕೊಬ್ಬಿನ ಆಲ್ಕೊಹಾಲ್ ಜೋಡಿಸಿದರೆ ಆಲ್ಕೈಲ್ ಪಾಲಿಗ್ಲುಕೋಸೈಡ್. ಈ ಬಗೆಯ ಗ್ಲುಕೋಸೈಡ್‌ಗಳ ರಸಾಯನವನ್ನು ಜರ್ಮನಿಯ ಎಮಿಲ್ ಫಿಷರ್ 1893ರಲ್ಲೇ ತೋರಿಸಿದ್ದ. ದೊಡ್ಡ ಪ್ರಮಾಣದ ಉತ್ಪಾದನೆಗೆ ಸುಮಾರು ನೂರು ವರ್ಷ ಕಾಯಬೇಕಾಯಿತು, ಜರ್ಮನಿಯ ಹೆಂಕೆಲ್ ಕಂಪನಿ 1990ರ ದಶಕದ ಆರಂಭದಲ್ಲಿ ಅದನ್ನು ಸಾಧಿಸಿತು. ಶಿಶುಗಳ ಶಾಂಪೂ ಬಾಟಲಿಗಳ ಹಿಂದೆ ಕಾಣುವ ಡೆಸಿಲ್ ಗ್ಲುಕೋಸೈಡ್, ಕೊಕೊ ಗ್ಲುಕೋಸೈಡ್ ಇವೇ. ಎಥಿಲೀನ್ ಆಕ್ಸೈಡ್‌ನಿಂದ ಮಾಡಿದ ಸರ್ಫ್ಯಾಕ್ಟಂಟ್‌ಗಳು ಬಿಸಿಯಾದಾಗ ನೀರನ್ನು ಬಿಟ್ಟು ಎಣ್ಣೆಯ ಕಡೆಗೆ ವಾಲುತ್ತವೆ. ಗ್ಲುಕೋಸೈಡ್‌ಗಳು ಬಿಸಿ–ತಂಪಿಗೆ ಅಷ್ಟಾಗಿ ಬದಲಾಗುವುದಿಲ್ಲ. ಎಮಲ್ಷನ್ ಇಡುವವರಿಗೆ ಇದು ಅನುಕೂಲ, ಬಿಸಿಯನ್ನೇ ಬಳಸಿ ಸಣ್ಣ ಹನಿ ಮಾಡುವವರಿಗೆ ಅನನುಕೂಲ.

ಸಕ್ಕರೆ ಮೂಲದ ಸಾರ್ಬಿಟಾಲಿಗೆ ಕೊಬ್ಬಿನಾಮ್ಲ ಸೇರಿದರೆ ಸ್ಪ್ಯಾನ್, ಅದಕ್ಕೆ ಎಥಿಲೀನ್ ಆಕ್ಸೈಡ್ ಸೇರಿದರೆ ಟ್ವೀನ್. ಅಮೆರಿಕದ ಅಟ್ಲಾಸ್ ಪೌಡರ್ ಕಂಪನಿಯಲ್ಲಿದ್ದ ವಿಲಿಯಂ ಗ್ರಿಫಿನ್ 1949ರಲ್ಲಿ ಇಂಥವನ್ನು ವಿಂಗಡಿಸಲು ಎಚ್‌ಎಲ್‌ಬಿ ಎಂಬ ಅಳತೆಗೋಲು ರೂಪಿಸಿದ. ಸೊನ್ನೆಯಿಂದ 20ರವರೆಗಿನ ಈ ಅಳತೆಯಲ್ಲಿ 3ರಿಂದ 6 ಇದ್ದರೆ ಎಣ್ಣೆಯಲ್ಲಿ ನೀರು, 8ಕ್ಕೂ ಮೇಲಿದ್ದರೆ ನೀರಿನಲ್ಲಿ ಎಣ್ಣೆ. ಸ್ಪ್ಯಾನ್ 80ರ ಮೌಲ್ಯ 4.3, ಟ್ವೀನ್ 80ರದು 15. ಎರಡನ್ನೂ 47ಕ್ಕೆ 53ರಂತೆ ಬೆರೆಸಿದರೆ 10. ಬೇಕಾಗುವ ಮೌಲ್ಯ ಎಣ್ಣೆಯಿಂದ ಎಣ್ಣೆಗೂ ಬದಲಾಗುತ್ತದೆ: ಹತ್ತಿಬೀಜದ ಎಣ್ಣೆಗೆ 6 ಸಾಕು, ಹರಳೆಣ್ಣೆಗೆ 14 ಬೇಕು. ಟ್ವೀನ್, ಸ್ಪ್ಯಾನ್‌ಗಳ ಮಟ್ಟಿಗೆ ಇದು ಉಪಯುಕ್ತ ಕೈಪಿಡಿ. ಸ್ಯಾಪೊನಿನ್, ಗೋಂದು, ಪ್ರೋಟೀನುಗಳಿಗೂ ಇದೇ ಸಂಖ್ಯೆಯನ್ನು ಅಂಟಿಸುವ ಅಭ್ಯಾಸ ಮಾತ್ರ ಅರ್ಥಹೀನ. ಹನಿಯ ಮೇಲಿನ ಪದರ ಎಷ್ಟು ಬಿಗಿ, ಎಷ್ಟು ದಪ್ಪ ಎಂಬುದು ಈ ಅಳತೆಗೆ ಸಿಗುವುದೇ ಇಲ್ಲ.

ಎರಡು ಬಗೆಯ ಸರ್ಫ್ಯಾಕ್ಟಂಟ್‌ಗಳನ್ನು ಬೆರೆಸಿದರೆ ಬಲ ಕೂಡುತ್ತದೆಂದು ಹೇಳುವಂತಿಲ್ಲ. ಪ್ರೋಟೀನಿನ ಪದರವಿರುವ ಹನಿಗೆ ಟ್ವೀನ್‌ನಂಥ ಚುರುಕಿನ ಚಿಕ್ಕ ಅಣು ಸೇರಿಸಿದರೆ, ಅದು ಪದರದ ಸಂದುಗಳಲ್ಲಿ ನುಗ್ಗಿ ಜಾಗ ಹಿಗ್ಗಿಸುತ್ತಾ ಕೊನೆಗೆ ಪ್ರೋಟೀನನ್ನು ಹೊರದಬ್ಬುತ್ತದೆ. ಇಂಗ್ಲೆಂಡಿನ ನಾರ್ವಿಚ್ಚಿನ ಸಂಶೋಧಕರು 1990ರ ದಶಕದ ಕೊನೆಗೆ ಇದನ್ನು ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ಕಂಡರು.

ಹೊಲದಲ್ಲಿ

ಕನ್ನಡ ನಾಡಿನ ರೈತರು ಎಮಲ್ಷನ್ನನ್ನು ಕೈಯಾರೆ ಮಾಡುವುದು ಬೇವಿನೆಣ್ಣೆ ಸಿಂಪಡಿಸುವಾಗ. ಬರೀ ನೀರಿಗೆ ಎಣ್ಣೆ ಸುರಿದರೆ ಅದು ಪಂಪಿನ ಟ್ಯಾಂಕಿನಲ್ಲಿ ಮೇಲೆ ತೇಲುತ್ತದೆ. ಮೊದಲ ಸಾಲಿಗೆ ನೀರು, ಕೊನೆಯ ಸಾಲಿಗೆ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಅದಕ್ಕೇ ಸೋಪಿನ ಪುಡಿ ಬೆರೆಸುವ ವಾಡಿಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೇವು ಮತ್ತು ಹೊಂಗೆ ಎಣ್ಣೆಗಳನ್ನೇ ಸೋಪಾಗಿಸಿ, ನೀರಿನಲ್ಲಿ ಕರಗಿಸಿ ತರಕಾರಿ ಬೆಳೆಗಳಿಗೆ ಸಿಂಪಡಿಸುವ ಬೇವಿನ ಸೋಪು, ಹೊಂಗೆ ಸೋಪುಗಳನ್ನು ರೂಪಿಸಿತು. ಎಣ್ಣೆಯೇ ತನ್ನ ಎಮಲ್ಸಿಕಾರಕವೂ ಆಗುವ ಜಾಣ ಏರ್ಪಾಡು ಇದು.

ಬೇವಿನೆಣ್ಣೆಗೆ ಸೋಪು ಬೆರೆಸುವಾಗ ಎರಡು ತೊಡಕುಗಳನ್ನು ಗಮನಿಸಬೇಕು. ಗಡಸು ನೀರಿನಲ್ಲಿ ಸೋಪಿನ ಒಂದು ಪಾಲು ಕ್ಯಾಲ್ಸಿಯಂಗೆ ಬಲಿಯಾಗಿ ನಳಿಕೆಯ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಬೇವಿನ ಮುಖ್ಯ ಕೀಟನಿರೋಧಕ ಅಂಶವಾದ ಅಜಾಡಿರಾಕ್ಟಿನ್ ಕ್ಷಾರದಲ್ಲಿ ಬೇಗ ಒಡೆಯುತ್ತದೆ, ತುಸು ಆಮ್ಲೀಯ ದ್ರಾವಣದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು ಈ ಎರಡೂ ಲೆಕ್ಕದಲ್ಲಿ ವಾಸಿ. ಆದರೆ ಅದನ್ನು ಅಂದಂದೇ ಬಳಸಬೇಕು, ಇಟ್ಟರೆ ಹುಳಿತು ನಾರುತ್ತದೆ, ನೊರೆಯ ಬಲವೂ ಇಳಿಯುತ್ತದೆ. ಉಳಿದದ್ದನ್ನು ಕೃಷಿಹೊಂಡಕ್ಕೋ ಮೀನು ಬಿಟ್ಟ ಕೆರೆಗೋ ಚೆಲ್ಲಬಾರದು. ಸೋಪಿನ ದ್ರಾವಣವಾಗಲಿ ಅಂಟುವಾಳದ್ದಾಗಲಿ, ಬೆರೆಸಿದ ಕೂಡಲೇ, ಟ್ಯಾಂಕನ್ನು ಆಗಾಗ ಅಲುಗಾಡಿಸುತ್ತಾ ಸಿಂಪಡಿಸಿ ಮುಗಿಸುವುದು ಒಳಿತು.

ಮಿತಿಗಳು

ಸಸ್ಯದ ಸಾರ ಮಳೆ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅದರೊಂದಿಗೆ ಸಕ್ಕರೆ, ಟ್ಯಾನಿನ್, ಬಣ್ಣ ಎಲ್ಲವೂ ಬರುತ್ತವೆ. ಒಂದು ವರ್ಷದ ಅಂಟುವಾಳದಲ್ಲಿ ಸಿದ್ಧಪಡಿಸಿದ ಸೂತ್ರ ಮರುವರ್ಷ ಅದೇ ಫಲ ಕೊಡಲಾರದು. ತಾಳೆಬೀಜದ ಎಣ್ಣೆಯನ್ನು ಆಧರಿಸಿದ ಉತ್ಪನ್ನಗಳ ಬೆನ್ನಿಗೆ ಆಗ್ನೇಯ ಏಷ್ಯಾದ ಕಾಡುನಾಶದ ಪ್ರಶ್ನೆಯಿದೆ.

ಬೇಗ ಕೊಳೆಯುತ್ತವೆಂಬುದು ಗ್ಲುಕೋಸೈಡ್ ಮತ್ತು ಸ್ಯಾಪೊನಿನ್‌ಗಳ ಪರವಾದ ಗಟ್ಟಿ ವಾದ. ಆದರೆ ಕೊಳೆಯಲು ಆಮ್ಲಜನಕವೂ ಸಮಯವೂ ಬೇಕು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ಬೆಂಕಿಯೂ ಹೊತ್ತಿಕೊಂಡು ದೇಶದ ಗಮನ ಸೆಳೆಯಿತು. ಡಿಟರ್ಜೆಂಟುಗಳು ಸಂಸ್ಕರಿಸದ ಕೊಳಚೆಯೊಂದಿಗೆ ಬಂದು ಕೆಸರಿನಲ್ಲಿ ಸೇರಿಕೊಂಡು, ಮಳೆನೀರು ಕದಡಿದಾಗ ನೊರೆಯಾಗಿ ಏಳುತ್ತವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತೋರಿಸಿದೆ. ಕೊಳಚೆಯನ್ನು ಸಂಸ್ಕರಿಸದೆ ಬಿಡುವ ಕೆರೆಗೆ ಊರೆಲ್ಲ ಅಂಟುವಾಳದಲ್ಲೇ ಬಟ್ಟೆ ಒಗೆದು ನೀರು ಬಿಟ್ಟರೂ ನೊರೆ ತಪ್ಪದು, ಮೀನು ಉಳಿಯದು.

ಗ್ರಾಹಕರು ಈ ವಸ್ತುಗಳನ್ನು ಆಹಾರದ ಪೊಟ್ಟಣದ ಮೇಲೆ ಸಂಖ್ಯೆಗಳಿಂದ ಗುರುತಿಸಬಹುದು: 322 ಲೆಸಿತಿನ್, 414 ಅರೇಬಿಕ್ ಗೋಂದು, 419 ಘಟ್ಟಿ ಗೋಂದು, 433 ಟ್ವೀನ್ 80, 999 ಕ್ವಿಲಾಯಾ. ಬಿಸ್ಕತ್ತು, ಬ್ರೆಡ್ಡು, ಐಸ್‌ಕ್ರೀಮುಗಳಲ್ಲಿ ಪದೇ ಪದೇ ಕಾಣುವ 471, ಅಂದರೆ ಕೊಬ್ಬಿನಾಮ್ಲಗಳ ಮೊನೊ ಮತ್ತು ಡೈಗ್ಲಿಸರೈಡು, ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಸಂಖ್ಯೆ ಅದನ್ನು ಹೇಳುವುದಿಲ್ಲ. ಭಾರತದಲ್ಲಿ ಅದಕ್ಕೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೇ ನೋಡಬೇಕು.